ಯಂಕವ್ವ ಗುಡ್ಡಕ್ಕೆ ಕಟ್ಟಿದ ಕ್ಯಾಮೆರಾ

ಪುಣೆ ಹತ್ತಿರದ ದೇಹೂ ರೋಡ್ ಬಜಾರಿನಲ್ಲಿರುವ ನನ್ನ ಫೋಟೋ ಸ್ಟುಡಿಯೋದೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಎದುರು ಗೋಡೆಯ ಒಂದು ಮಂಕು ಫೋಟೋ. ಒಬ್ಬ ಮುದುಕಿ ಚಪ್ಪಟೆ ಬಂಡೆಯ ಮೇಲೆ ಕೂತಿದ್ದಾಳೆ. ತಲೆಯ ಮೇಲೆ ಸೆರಗು, ಪಕ್ಕದಲ್ಲಿ ಕೋಲು. ಫ್ರೇಮು ಓರೆಯಾಗಿದೆ, ಒಂದು ಮೂಲೆಯಲ್ಲಿ ಹುಲ್ಲುಕಡ್ಡಿ ಅಡ್ಡ ಬಂದಿದೆ. ಇಷ್ಟು ವರ್ಷ ಫೋಟೋ ತೆಗೆದು ಹೊಟ್ಟೆ ಹೊರೆದವನ ಅಂಗಡಿಯಲ್ಲಿ ತೂಗುಹಾಕಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲವೇ ಎಂದು ಗಿರಾಕಿಗಳು ಕೇಳುತ್ತಾರೆ. ಇದು ನಾನು ತೆಗೆದದ್ದಲ್ಲ ಎನ್ನುತ್ತೇನೆ. ಮತ್ತೆ ಯಾರು ಎಂದರೆ, ಯಾರೂ ಅಲ್ಲ ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆದರೆ ಪಾಸ್‌ಪೋರ್ಟ್ ಫೋಟೋದ ಗಿರಾಕಿಯನ್ನು ಬೈದು ಕಳಿಸುವ ಕಾಲ ಇದಲ್ಲ.

ವಿಜಯಪುರ ಬಿಟ್ಟು ಇಲ್ಲಿಗೆ ಬಂದಾಗ ನನಗಿನ್ನೂ ಮೀಸೆ ಸರಿಯಾಗಿ ಕಟ್ಟಿರಲಿಲ್ಲ. ಆಗ ಫಿಲ್ಮ್ ರೋಲಿನ ಕಾಲ. ಭಾನುವಾರ ಬಂತೆಂದರೆ ಮಿಲಿಟರಿ ಡಿಪೋದ ಜವಾನರು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಸಾಲಾಗಿ ಬರುತ್ತಿದ್ದರು. ಊರಿನ ಹೆಂಡತಿಗೆ ಒಂದು, ತಾಯಿಗೆ ಒಂದು ಪ್ರತಿ. ರೋಲು ಮುಗಿಯುವ ತನಕ ತೊಳೆಯುವಂತಿಲ್ಲ, ತೊಳೆಯುವ ತನಕ ಏನು ಬಂದಿದೆಯೋ ತಿಳಿಯುವಂತಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು 'ಝಾಲಾ ಕಾ?' ಎಂದು ಕೇಳುತ್ತಿದ್ದರು. ಆಗಿಲ್ಲ ಎಂದರೆ ಚಹಾ ಕುಡಿದು, ಊರಿನ ಸುದ್ದಿ ಹೇಳಿ ಹೋಗುತ್ತಿದ್ದರು. ನನ್ನ ಅಂಗಡಿಗೆ ಕಳೆ ಇದ್ದದ್ದು ಆ ಕಾಯುವವರಿಂದ. ಫೋನು ಬಂದು ಫೋಟೋವನ್ನು ಅಗ್ಗ ಮಾಡಿತು, ಅದಿರಲಿ, ಆ ಕಾಯುವುದನ್ನೇ ಇಲ್ಲವಾಗಿಸಿತು. ಅದು ಮತ್ತೆ ನನ್ನ ಅಂಗಡಿಗೆ ಬಂದದ್ದು ಯಂಕವ್ವನಿಂದ.

ಯಂಕವ್ವ ಸುರಪುರದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಭೀಮಣ್ಣನ ಜೊತೆ ಪುಣೆಗೆ ಬಂದಳು. ಅವನು ಸೆಂಟ್ರಿಂಗ್ ಕೆಲಸ ಕಲಿತ, ಇವಳು ಗಾರೆ ಹೊತ್ತಳು. ಮಗರಪಟ್ಟಾದ ಎತ್ತರದ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡಿನೊಳಗೆ, ಮಗಳು ದುರ್ಗಾ ಹುಟ್ಟಿದಳು. ಈಗ ದುರ್ಗಾ ಅದೇ ಕಟ್ಟಡಗಳ ಮೇಲಿನ ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಗಂಡ ಹೆಂಡತಿ ಕೆಲಸ ಹುಡುಕುತ್ತ ಹುಡುಕುತ್ತ ದೇಹೂ ರೋಡಿಗೆ ಬಂದು, ಕಲ್ಲು ತೆಗೆದು ಬಿಟ್ಟ ಹಳೇ ಖಾಣಿಯ ಪಕ್ಕದ ಚಾಳಿನಲ್ಲಿ ನೆಲೆ ನಿಂತರು. ಯಂಕವ್ವ ಗುಡ್ಡದ ಇಳಿಜಾರಿನಲ್ಲಿ ಗಿಡ ಬೆಳೆಸಿದ ಒಬ್ಬರ ಜಾಗದಲ್ಲಿ ನೀರು ಹಾಕುವ ಕೆಲಸ ಹಿಡಿದಳು. ಕನ್ನಡ ಮಾತಾಡುತ್ತೇನೆ ಎಂಬ ಒಂದೇ ಕಾರಣಕ್ಕೆ ಅವಳು ನನ್ನ ಅಂಗಡಿಗೆ ಬರುತ್ತಿದ್ದಳು. ಬಂದರೆ ಸ್ಟೂಲಿನ ಮೇಲೆ ಕೂತು ನನ್ನ ಅಂಗಡಿಯ ಧೂಳಿನ ಬಗ್ಗೆ ಟೀಕೆ ಮಾಡುವಳು.

ಎರಡು ವರ್ಷದ ಹಿಂದೆ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದವಳು ಧೂಳಿನ ಸುದ್ದಿ ಎತ್ತಲಿಲ್ಲ.

"ಅಣ್ಣಾರ, ಯಾರೂ ಇಲ್ಲದಾಗ ತಾನ ಫೋಟೋ ತಗೊಳ್ಳೂ ಕ್ಯಾಮೆರಾ ಇರ್ತಾವಂತಲ್ರಿ. ಅದು ಬೇಕಿತ್ತು."

"ಯಾರ ಮ್ಯಾಲ ಕಣ್ಣ ಇಡೂದದ?" ಎಂದೆ.

"ಒಂದು ಕತ್ತೆಕಿರುಬನ ಮ್ಯಾಲ."

ಆಮೇಲೆ ಸಂಗತಿ ಹೊರಬಂತು. ಭೀಮಣ್ಣ ಮಳೆಗಾಲದಲ್ಲಿ ಹಲಗೆ ಜಾರಿ ಮೇಲಿನಿಂದ ಬಿದ್ದಿದ್ದ, ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನು ವಾಕರ್ ಹಿಡಿದು ನಿಲ್ಲಬೇಕು, ಬೇಸಿಗೆಯ ಒಳಗೆ ನಡೆಯದಿದ್ದರೆ ಕಾಲು ಹಾಗೆಯೇ ಕೂತುಬಿಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಭೀಮಣ್ಣ ಏಳಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಉಂಡರೆ ಉಂಡ, ಬಿಟ್ಟರೆ ಬಿಟ್ಟ.

"ಖಾಣಿ ಹಿಂದಿನ ಗುಡ್ಡದಾಗ ಒಂದು ಕಲ್ಲದರಿ," ಎಂದಳು ಯಂಕವ್ವ. "ಇಷ್ಟು ವರ್ಷ ದಿನಾ ಸಂಜಿಗೆ ಹೋಗಿ ಅಲ್ಲೇ ಕೂಡಾಂವ. ಅಲ್ಲೊಂದು ಕಿರುಬ ಬರ್ತಿತ್ತಂತ, ಕಿವಿ ಹರದದ್ದು. ಅದು ಅತ್ತಾಗ ನಿಲ್ತಿತ್ತಂತ, ಇವ ಇತ್ತಾಗ ಬೀಡಿ ಸೇದ್ತಿದ್ದನಂತ. ನಾ ಬೈತಿದ್ದೆ, ಗುಡ್ಡದಾಗೇನು ಎರಡನೇ ಹೇಣ್ತಿನ್ನ ಇಟ್ಟೀಯೇನು ಅಂತ. ಈಗ ಅದೂ ಸತ್ತಿರತದ, ನಾ ಎದ್ದು ಎಲ್ಲಿಗಿ ಹೋಗ್ಲಿ ಅಂತಾನ. ಅದಿನ್ನೂ ಅದ ಅಂತ ಫೋಟೋ ತೋರ್ಸಿದ್ರ ಎದ್ದು ಕೂಡ್ತಾನ್ರಿ."

ಹೀಗೆ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಒಳಗಿನ ಕಪಾಟು ತೆರೆದೆ.

ಕಾಡಿನ ಹುಚ್ಚು ಹತ್ತಿದ ಐ.ಟಿ. ಹುಡುಗರ ಕೃಪೆಯಿಂದ ಈಗ ನನ್ನ ಹತ್ತಿರವೂ ಇಂಥ ಕ್ಯಾಮೆರಾಗಳು ಇರುತ್ತವೆ. ಅವರು ಹೊಸದು ಬಂದ ಕೂಡಲೇ ಹಳೆಯದನ್ನು ನನ್ನ ತಲೆಗೆ ಕಟ್ಟಿ ಹೋಗುತ್ತಾರೆ. ಮೂರನ್ನು ತೆಗೆದು ಮೇಜಿನ ಮೇಲಿಟ್ಟೆ. ಯಂಕವ್ವ ನೋಡಿದ ಕೂಡಲೇ ದೊಡ್ಡ ಫ್ಲಾಶ್ ಇದ್ದುದರ ಮೇಲೆ ಕೈ ಇಟ್ಟಳು. ಗಂಡನ ಕಣ್ಣು ಮೊದಲಿನಂತಿಲ್ಲ, ಬೆಳಕು ಚೆನ್ನಾಗಿ ಬೀಳಬೇಕು ಎಂದು ಅವಳ ವಾದ. ನಸುಗತ್ತಲಲ್ಲಿ ಮುಖಕ್ಕೆ ಬೆಳಕು ಹೊಡೆದರೆ ಕಿರುಬ ಮತ್ತೆ ಆ ದಾರಿಗೆ ಬರುವುದಿಲ್ಲ ಎಂದೆ. ಜವಾನರ ಮುಖಕ್ಕೆ ಹೊಡೆಯುತ್ತಿದ್ದಿರಲ್ಲ, ಅವರು ಬರಲಿಲ್ಲವೇ ಎಂದಳು. ಎರಡನೆಯದು ಚಿತ್ರವನ್ನು ನೇರ ಫೋನಿಗೇ ಕಳಿಸುವಂಥದ್ದು. ಅದಕ್ಕೆ ಸಿಮ್ ಬೇಕು, ಖಾಣಿಯ ಹಿಂದೆ ಯಾವ ಫೋನಿಗೂ ಸಿಗ್ನಲ್ ಇಲ್ಲ. ಮೂರನೆಯದು ಎಲ್ಲಕ್ಕಿಂತ ಕುರೂಪಿ, ಕೆಸರಿನ ಬಣ್ಣದ ಡಬ್ಬಿ. ಆದರೆ ಅದರ ಬೆಳಕು ಯಾರ ಕಣ್ಣಿಗೂ ಕಾಣುವುದಿಲ್ಲ. ಬಿಸಿ ಮೈಯ ಪ್ರಾಣಿ ಮುಂದೆ ಹಾದ ಕೂಡಲೇ ಸದ್ದಿಲ್ಲದೆ ಒಂದಾದ ಮೇಲೊಂದು ಚಿತ್ರ ಹಿಡಿಯುತ್ತದೆ. ಕತ್ತಲಿನ ಚಿತ್ರಕ್ಕೆ ಬಣ್ಣ ಇರುವುದಿಲ್ಲ, ಅಷ್ಟೇ.

"ಫೋಟೋ ಹೊಳಪಿರಬೇಕೋ, ಕಿರುಬ ಬರಬೇಕೋ, ಯಾವುದರ ಒಂದು ಹೇಳ್ರಿ," ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಕಿರುಬ ಬರ್ಲಿ," ಎಂದು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ದೇಹೂ ರೋಡಿನಲ್ಲಿ ಕ್ಯಾಮೆರಾ ಕಟ್ಟುವುದೆಂದರೆ ಹುಡುಗಾಟವಲ್ಲ. ಮಿಲಿಟರಿ ಬೇಲಿಯ ಕಡೆ ಅದರ ಮುಖ ತಿರುಗಿದರೂ ನನ್ನ ಅಂಗಡಿಗೆ ಬೀಗ ಬೀಳುತ್ತದೆ. ಅದಕ್ಕೇ ಗಿಡದ ಜಾಗದ ಯಜಮಾನರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ನಾನೇ ಅವಳ ಜೊತೆ ಗುಡ್ಡ ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ನನ್ನ ಹೊಟ್ಟೆಯನ್ನು ಮೇಲಕ್ಕೆ ಸಾಗಿಸಿದೆ ಎನ್ನುವುದು ಸರಿ. ಬಂಡೆಯ ಎದುರಿಗೆ ಒಂದು ಜಾಲಿ ಮರ ಇತ್ತು. ಮೊಣಕಾಲಿನ ಎತ್ತರಕ್ಕೆ, ಮುಳುಗುವ ಸೂರ್ಯ ನೇರ ಹೊಡೆಯದ ಹಾಗೆ ಕಟ್ಟುವುದನ್ನು ತೋರಿಸಿದೆ.

ಕಟ್ಟಿದ ಮೇಲೆ ಪರೀಕ್ಷೆ ಮಾಡಬೇಕು. ಪ್ರಾಣಿಯ ಎತ್ತರದಲ್ಲಿ ಮುಂದೆ ಹಾದುಹೋದರೆ ಒಂದು ಸಣ್ಣ ದೀಪ ಮಿನುಗುತ್ತದೆ, ಆಗ ಸರಿಯಾಗಿದೆ ಎಂದರ್ಥ. ಸ್ವಲ್ಪ ನಾಲ್ಕು ಕಾಲಲ್ಲಿ ಹೋಗಿ ಎಂದು ಯಂಕವ್ವನಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಕೊನೆಗೆ ಮೊಣಕೈ ಊರಿ, ಹುಲ್ಲಿನ ಮುಳ್ಳು ಚುಚ್ಚಿಸಿಕೊಂಡು, ಆ ಬಂಡೆಯ ಮುಂದೆ ಅತ್ತಿಂದಿತ್ತ ಓಡಾಡಿದವನು ನಾನೇ. ಅವಳು ಬಂಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕಳು. ಗಂಡ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು. ನನ್ನ ಮಾನ ಹೋದರೂ ಬೇಸರವಾಗಲಿಲ್ಲ.

ಒಂದು ವಾರ ಬಿಟ್ಟು ಅವಳು ಕ್ಯಾಮೆರಾದೊಳಗಿನ ಚಿಕ್ಕ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದಳು. ಏನು ಬಂದಿದೆಯೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ಹಳೇ ರೋಲುಗಳ ನೆನಪಾಯಿತು. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲ ಚಿತ್ರ ಹಳದಿ. ಎರಡನೆಯದೂ ಹಳದಿ. ಹಗಲಿನವೆಲ್ಲ ಹಳದಿ ಮಬ್ಬು, ನಡುವೆ ಒಂದು ಕೆಂಪು ಚುಕ್ಕೆ, ಕತ್ತಲಿನವು ಬರೀ ಬೂದು ಮಬ್ಬು.

"ಕ್ಯಾಮೆರಾಕ್ಕ ಏನ್ ಮಾಡೀರಿ?"

"ಏನೂ ಮಾಡಿಲ್ರಿ. ನೀವು ಗುಡ್ಡ ಇಳದ ಕೂಡ್ಲೇ ಪೂಜಿ ಮಾಡೀನಿ."

ಯಂಕವ್ವನ ಮನೆಗೆ ಹೊಸ ವಸ್ತು ಏನು ಬಂದರೂ ಜೇಜುರಿಯ ಗುಡಿಯಿಂದ ತಂದ ಅರಿಸಿನದ ಭಂಡಾರ ಬೀಳಲೇಬೇಕು. ಕುಕ್ಕರಿಗೆ ಬಿದ್ದಿದೆ, ಫೋನಿಗೆ ಬಿದ್ದಿದೆ. ಇಲ್ಲಿಯವರು ಖಂಡೋಬಾ ಎನ್ನುವ ದೇವರು ಅವಳಿಗೆ ಊರಿನ ಮೈಲಾರಪ್ಪನೇ. ಅವನ ಅರಿಸಿನ ಮುಟ್ಟಿಸದೆ ಯಾವ ಯಂತ್ರವನ್ನೂ ಅವಳು ಕೆಲಸಕ್ಕೆ ಹಚ್ಚುವವಳಲ್ಲ. ನೋಡುವುದು ಕಣ್ಣಲ್ಲವೇ ಎಂದು ಕ್ಯಾಮೆರಾದ ಗಾಜಿಗೇ ಭಂಡಾರ ಬಳಿದು, ಮೇಲೊಂದು ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದು ಬಂದಿದ್ದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಪೂಜೆ ಇಲ್ಲದೆ ಕಟ್ಟಿದ್ದರೆ ಕಳ್ಳರು ಒಯ್ಯುತ್ತಿದ್ದರು, ನೋಡಿ ಇನ್ನೂ ಅಲ್ಲೇ ಇದೆ ಎಂದಳು.

ಹಳದಿಯಾದರೂ ಸರಿ, ಭೀಮಣ್ಣನಿಗೆ ತೋರಿಸೋಣ ಎಂದು ಲ್ಯಾಪ್‌ಟಾಪು ಹೊತ್ತು ಚಾಳಿಗೆ ಹೋದೆ. ಒಂದೇ ಕೋಣೆ. ಮೂಲೆಯಲ್ಲಿ ವಾಕರ್ ನಿಂತಿತ್ತು, ಅದರ ನಾಲ್ಕೂ ಕಾಲಿಗೆ ಭಂಡಾರ, ಹಿಡಿಕೆಗೆ ಒಣಗಿದ ಚೆಂಡುಹೂವಿನ ಮಾಲೆ. ಅದಕ್ಕೆ ಪೂಜೆ ಆಗಿತ್ತು, ನಡಿಗೆ ಆಗಿರಲಿಲ್ಲ. ಭೀಮಣ್ಣ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಹಳದಿ ಗುಡ್ಡವನ್ನು ನೋಡಿದ.

"ಆ ಊದಿನಕಡ್ಡಿ ನಾತಕ್ಕ ಯಾವ ಪ್ರಾಣಿ ಬರ್ತದ," ಎಂದ. ಇಷ್ಟು ಹೇಳಿ ಮತ್ತೆ ಗೋಡೆಗೆ ತಿರುಗಿದ. ಯಂಕವ್ವ ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡು ಬಂದಳು. ಎಷ್ಟು ದಿನದ ಮೇಲೆ ಮಾತಾಡಿದ ನೋಡಿದಿರಾ ಎಂದು ಅವಳ ಕಣ್ಣು ತುಂಬಿದವು.

ಗಾಜು ಒರೆಸಲು ಒಣಗಿದ ಮೆತ್ತನೆಯ ಬಟ್ಟೆ ಬೇಕು ಎಂದಿದ್ದೆ. ಮನೆಯಲ್ಲಿ ಅಂಥದ್ದು ಇದ್ದದ್ದು ಭೀಮಣ್ಣನ ಹಳೇ ರುಮಾಲು ಒಂದೇ. ಅದರಿಂದಲೇ ಒರೆಸಿ, ಕ್ಯಾಮೆರಾದ ಪಟ್ಟಿಯ ಮೇಲೆ ಅದನ್ನೇ ಸುತ್ತಿ ಬಂದಳು.

ಆಮೇಲಿನ ಚಳಿಗಾಲ ನನ್ನ ಪಾಲಿಗೆ ತುಂಬ ಒಳ್ಳೆಯದಾಗಿತ್ತು. ಭಾನುವಾರ ಬಂದರೆ ಯಂಕವ್ವ ಸೆರಗಿನ ಗಂಟು ಬಿಚ್ಚುವಳು, ಅಂಗಡಿಯ ಬಾಗಿಲು ಅರ್ಧ ಎಳೆದು ನಾನು ಚಾಳಿಗೆ ಹೊರಡುವೆ. ಒಂದು ವಾರ ಪೂರ್ತಿ ಹುಲ್ಲೇ ಹುಲ್ಲು. ಗಾಳಿಗೆ ಅಲ್ಲಾಡಿದ ಹುಲ್ಲನ್ನೇ ಪ್ರಾಣಿ ಎಂದುಕೊಂಡು ಕ್ಯಾಮೆರಾ ಕಾರ್ಡು ತುಂಬಿಸಿಬಿಟ್ಟಿತ್ತು. ಮುಂದಿನ ವಾರ ಯಂಕವ್ವ ಕುಡುಗೋಲು ಒಯ್ದು ಅದರ ಎದುರಿನ ಹುಲ್ಲನ್ನೆಲ್ಲ ಕೊಯ್ದಳು. ಆಮೇಲೆ ನವಿಲು ಬಂತು, ಮೊಲ ಬಂತು, ಮುಂಗುಸಿ ತನ್ನ ಸಂಸಾರ ಸಮೇತ ಬಂತು. ಒಂದು ಸಲ ಕಾಲೇಜಿನ ಹುಡುಗ ಹುಡುಗಿ ಬಂದು ಬಂಡೆಯ ಮೇಲೆ ಕೂತಿದ್ದರು. ಯಂಕವ್ವ ಸೆರಗಿನಿಂದ ಪರದೆ ಮುಚ್ಚಿ, ಮುಂದಿನದಕ್ಕೆ ಹೋಗಿ ಎಂದು ನನಗೆ ಗದರಿಸಿದಳು. ಭೀಮಣ್ಣನ ಬೆನ್ನು ನಗುವಿಗೆ ಅಲುಗಿದ್ದನ್ನು ನಾನು ನೋಡಿದೆ.

ಈ ಎಲ್ಲದರ ನಡುವೆ ಯಂಕವ್ವನೂ ಬರುತ್ತಿದ್ದಳು. ಬ್ಯಾಟರಿ ನೋಡಲು, ಕಾರ್ಡು ಬದಲಿಸಲು ಹೋದಾಗಲೆಲ್ಲ ಕ್ಯಾಮೆರಾ ಅವಳನ್ನೂ ಹಿಡಿಯುತ್ತಿತ್ತು. ಅವು ಬಂದ ಕೂಡಲೇ ನಾನು ಗುಂಡಿ ಒತ್ತಿ ಮುಂದೆ ಸಾಗುತ್ತಿದ್ದೆ. ಕಿರುಬನನ್ನು ಹುಡುಕುವವನಿಗೆ ಅದೂ ಹುಲ್ಲಿನ ಹಾಗೆಯೇ ಒಂದು ಅಡಚಣೆ.

ಕಿರುಬ ಮಾತ್ರ ಬರಲಿಲ್ಲ. ಸಂಕ್ರಾಂತಿ ಕಳೆಯಿತು, ಬಿಸಿಲು ಚುರುಗುಟ್ಟತೊಡಗಿತು. ಗುಡ್ಡದ ಆಚೆ ಬದಿಯಲ್ಲಿ ಯಂತ್ರಗಳು ಬಂದು ರಸ್ತೆ ಕೊರೆಯುತ್ತಿದ್ದವು. ಭೀಮಣ್ಣ ಮೊದಲು ಕತ್ತು ತಿರುಗಿಸುತ್ತಿದ್ದವನು ಈಗ ಅದನ್ನೂ ಬಿಟ್ಟ. ಡಾಕ್ಟರು ಹೇಳಿದ ಗಡುವು ಹತ್ತಿರ ಬರುತ್ತಿತ್ತು. ವಾಕರಿನ ಮಾಲೆಯಿಂದ ಹೂವಿನ ಎಸಳು ನೆಲಕ್ಕೆ ಉದುರುತ್ತಿದ್ದವು, ಯಂಕವ್ವ ದಿನಾ ಗುಡಿಸುತ್ತಿದ್ದಳು.

ಒಂದು ಭಾನುವಾರ ನಾನು ಲ್ಯಾಪ್‌ಟಾಪು ಮುಚ್ಚುವಾಗ ಅವನು ಗೋಡೆಗೇ ಹೇಳಿದ. "ಸಾಕ್ರಿ ಅಣ್ಣಾರ. ಅದು ಹೋಗ್ಯದ. ಯಂಕಿ, ನಾಳಿಗಿ ಹೋಗಿ ಬಿಚ್ಚಿಕೊಂಡು ಬಾ."

ಯಂಕವ್ವ ಆಯಿತು ಎಂದಳು. ಮರುದಿನ ಸಂಜೆ ಹೋದವಳು ಬರಿಗೈಯಲ್ಲಿ ಇಳಿದುಬಂದಳಂತೆ. ಬಿಚ್ಚಲು ಕೈ ಬರಲಿಲ್ಲ ಎಂದು ನನಗೆ ಫೋನಿನಲ್ಲಿ ಹೇಳಿದಳು. ಗಂಡನಿಗೆ ನಾಳೆ ತರುತ್ತೇನೆ ಎಂದಿದ್ದಳು. ಆ ನಾಳೆ ವಾರವಿಡೀ ನಡೆದು, ಕೊನೆಗೆ ಶನಿವಾರ ಎಲ್ಲವನ್ನೂ ಬಿಚ್ಚಿ, ರುಮಾಲಿನಲ್ಲಿ ಕಟ್ಟಿ ತಂದಳು. ಕೊನೆಯ ಕಾರ್ಡು ನೋಡುವ ಉತ್ಸಾಹ ಯಾರಿಗೂ ಇರಲಿಲ್ಲ. ರೂಢಿ ಎಂದು ಭಾನುವಾರ ಹೋದೆ. ಯಂಕವ್ವ ಸ್ಟೋವಿನ ಮುಂದೆ ಚಹಾಕ್ಕೆ ಇಟ್ಟಿದ್ದಳು. ಭೀಮಣ್ಣ ಗೋಡೆಯ ಕಡೆ.

ಹುಲ್ಲು. ನವಿಲು. ಯಂಕವ್ವ. ಯಂಕವ್ವ. ಯಂಕವ್ವ. ಗುಂಡಿ ಒತ್ತುತ್ತ ಹೋದೆ. ಒಮ್ಮೆಲೇ ಕೈ ನಿಂತಿತು.

ಬಂಡೆಯ ಪಕ್ಕದಲ್ಲಿ ಕತ್ತೆಕಿರುಬ ನಿಂತಿತ್ತು. ಮೈಮೇಲಿನ ಪಟ್ಟೆ, ಕುತ್ತಿಗೆಯ ನೆಟ್ಟನೆಯ ಕೂದಲು, ಎಡಗಿವಿ ಎಲೆ ಹರಿದಂತೆ ಹರಿದದ್ದು, ಎಲ್ಲ ಸ್ಪಷ್ಟ. ಬಂಡೆಯನ್ನು ಮೂಸುತ್ತಿತ್ತು. ಮುಂದಿನ ಚಿತ್ರದಲ್ಲಿ ಕ್ಯಾಮೆರಾಕ್ಕೆ ಸುತ್ತಿದ ರುಮಾಲಿನ ಹತ್ತಿರವೇ ಬಂದಿತ್ತು, ಪರದೆಯ ತುಂಬ ಅದರ ಮೂಗು.

"ಭೀಮಣ್ಣ, ಹೊಳ್ಳಿ ನೋಡೋ," ಎಂದೆ.

ಅವನು ಹೊರಳಿದ. ಮೊಣಕೈ ಊರಿ ತಲೆ ಎತ್ತಿದ. ಪರದೆಯನ್ನು ಅವನ ಮುಖದ ಹತ್ತಿರ ಹಿಡಿದೆ, ಅದರ ಕೆಳ ಅಂಚಿನ ಸಾಲಿನಲ್ಲಿ ಹಿಂದಿನ ಚಿತ್ರಗಳೂ ಚಿಕ್ಕದಾಗಿ ಕಾಣುತ್ತಿದ್ದವು. ಬಹಳ ಹೊತ್ತು ನೋಡಿದ. ತುಟಿಯ ಅಂಚಿನಲ್ಲಿ ಸಣ್ಣ ನಗು ಬಂತು. "ಅದ. ಹರಕಗಿವಿ," ಎಂದ. ಆಮೇಲೆ, "ಹಿಂದಿಂದು ತೋರಸ್ರಿ."

ನಾನು ಕಿರುಬ ಮೂಸುವ ಚಿತ್ರಕ್ಕೆ ಹೋದೆ.

"ಅದಲ್ರಿ. ಅದರ ಹಿಂದಿಂದು. ಅಕಿದು."

ನನಗೆ ರೇಗಿಯೇ ಹೋಯಿತು. ಮೊಣಕೈ ತರಚಿಸಿಕೊಂಡು, ಚಳಿಗಾಲವಿಡೀ ಕಾದು ಬರಮಾಡಿಕೊಂಡ ಪ್ರಾಣಿಯನ್ನು ಬಿಟ್ಟು ಇವನಿಗೆ ಹೆಂಡತಿಯ ಫೋಟೋ ಬೇಕಂತೆ. ಆದರೂ ಹಿಂದೆ ಹೋದೆ. ಅವು ಸೋಮವಾರ ಸಂಜೆಯ ಚಿತ್ರಗಳು, ಕ್ಯಾಮೆರಾ ಬಿಚ್ಚಲು ಹೋದ ಸಂಜೆಯವು. ಮೊದಲನೆಯದರಲ್ಲಿ ಯಂಕವ್ವ ಮೇಲೆ ಬರುತ್ತಿದ್ದಾಳೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೊಣಕಾಲಿನ ಮೇಲೆ. ಮುಂದಿನದರಲ್ಲಿ ನೆಲಕ್ಕೆ ಕೈ ಊರಿದ್ದಾಳೆ, ಜಾರಿರಬೇಕು. ಅದರ ಮುಂದಿನದರಲ್ಲಿ ಬಂಡೆಯ ಮೇಲೆ ಕೂತಿದ್ದಾಳೆ, ಮುಖ ಕ್ಯಾಮೆರಾದ ಕಡೆ ಅರ್ಧ ತಿರುಗಿದೆ, ಬಾಯಿ ತೆರೆದಿದೆ. ಬೆಳಕು ಹೋಗುತ್ತಿದ್ದುದರಿಂದ ಬಣ್ಣ ಇಲ್ಲ.

ಭೀಮಣ್ಣ ಅವನ್ನು ಮುಂದೆ ಹಿಂದೆ ಮಾಡಿಸಿ ಮಾಡಿಸಿ ನೋಡಿದ. ಇನ್ನೂ ಹಳೆಯವು ಇವೆಯೇ ಎಂದು ಕೇಳಿದ. ನಾನು ಚಳಿಗಾಲದ್ದನ್ನೆಲ್ಲ ತೆರೆದೆ. ಹುಲ್ಲು ಕೊಯ್ಯುವ ಯಂಕವ್ವ, ಮುಳ್ಳು ಕೀಳುವ ಯಂಕವ್ವ, ಸೊಂಟ ಹಿಡಿದು ನಿಂತ ಯಂಕವ್ವ.

"ಯಂಕಿ," ಎಂದ. "ಇಷ್ಟು ಮುದುಕಿ ನೀ ಯಾವಾಗ ಆದಿ?"

"ನೀ ಗ್ವಾಡಿ ನೋಡ್ಕೋತ ಮಲಗಿದಾಗ," ಎಂದಳು ಅವಳು, ಚಹಾ ಸೋಸುತ್ತಲೇ.

ಭೀಮಣ್ಣ ಮತ್ತೆ ಕೇಳಿದ. "ಕಲ್ಲಿನ ಮ್ಯಾಲ ಕೂತು ಬಾಯಿ ತೆರದೀದಿ. ಏನ್ ಮಾಡಾಕತ್ತಿದ್ದಿ?"

"ಬೈತಿದ್ದೆ."

"ಯಾರಿಗಿ?"

"ಆ ಕಿರುಬಕ್ಕ. ಅಂವ ನಿನ್ನ ಸಲುವಾಗಿ ಸಾಯಾಕತ್ಯಾನ, ಒಮ್ಮಿ ಬಂದು ಮಾರಿ ತೋರ್ಸಿದ್ರ ನಿನ್ನ ಗಂಟೇನು ಹೋಗ್ತದ ಅಂದೆ. ನಾ ಇಳದು ಬಂದ ಮ್ಯಾಲ ಬಂದದ ನೋಡು, ಹಲ್ಕಟ್."

ಭೀಮಣ್ಣ ಅತ್ತ. ಗಂಡಸು ಅಳುವುದನ್ನು ನೋಡಿ ಎಲ್ಲಿ ನೋಡಬೇಕೋ ತಿಳಿಯದೆ ನಾನು ವಾಕರನ್ನು ನೋಡುತ್ತ ಕೂತೆ. ನನ್ನ ಕಣ್ಣೂ ಒದ್ದೆಯಾಗಿದ್ದವು, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಿನ ಮೇಲೆ ಅವನು ಕೈ ಚಾಚಿದ. ಚಹಾಕ್ಕೆ ಎಂದುಕೊಂಡು ಯಂಕವ್ವ ಲೋಟ ಕೊಡಲು ಹೋದಳು.

"ಅದಲ್ಲ. ಆ ಗಾಡಿ ತಾ."

ಅವಳು ವಾಕರ್ ತಂದು ಮುಂದಿಟ್ಟಳು. ಅವನು ಹಿಡಿಕೆಯ ಒಣಮಾಲೆಯನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು, ಹಾಸಿಗೆಯ ಮೇಲಿಟ್ಟ. ನಾನು ಒಂದು ಕಡೆ, ಅವಳು ಒಂದು ಕಡೆ ಹಿಡಿದೆವು. ಎದ್ದು ನಿಂತಾಗ ಅವನ ಕಾಲುಗಳು ಗಡಗಡ ನಡುಗಿದವು. ನೋವಿಗೆ ನನ್ನ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಆಮೇಲೆ ಬಹಳ ದಿನ ಅಲ್ಲಿ ಕಂದಿತ್ತು. ಆದರೂ ಕೂಡಲಿಲ್ಲ.

"ಇನ್ನ ಒಬ್ಬಾಕಿನ ಹತ್ತಬ್ಯಾಡ," ಎಂದು ಅವಳಿಗೆ ಹೇಳಿದ.

ಅವನು ಬಂಡೆಯವರೆಗೆ ಮತ್ತೆ ಹೋಗಲಿಲ್ಲ, ಹೋಗುವುದು ಅವನಿಂದ ಆಗುವುದೂ ಇಲ್ಲ. ಗುಡ್ಡದ ಬುಡದ ಬೇವಿನ ಮರದವರೆಗೆ ವಾಕರ್ ಊರಿಕೊಂಡು ಬರುತ್ತಾನೆ. ಅಲ್ಲಿ ಕಲ್ಲಿನ ಮೇಲೆ ಕೂತು, ಅವಳು ಹತ್ತಿ ಇಳಿಯುವ ತನಕ ಕಣ್ಣು ಕೀಳದೆ ನೋಡುತ್ತಾನೆ. ಕ್ಯಾಮೆರಾ ಮತ್ತೆ ಜಾಲಿ ಮರಕ್ಕೇ ಹೋಗಿದೆ, ರುಮಾಲಿನ ಸಮೇತ. ಭಾನುವಾರ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹೋಗುತ್ತೇನೆ. ಕಾರ್ಡು ಹಾಕಿ ನಾನು ಕಿರುಬನನ್ನು ಹುಡುಕುತ್ತಿರುವಾಗ ಭೀಮಣ್ಣ ತಾಳ್ಮೆಯಿಲ್ಲದೆ ನನ್ನ ಹೆಗಲ ಮೇಲಿಂದ ಬಗ್ಗುತ್ತಾನೆ.

"ಅದು ಇರ್ಲಿ ಬಿಡ್ರಿ ಅಣ್ಣಾರ. ಅಕಿ ಬಂದಾಳೇನು ನೋಡ್ರಿ."